ಒಂದು ಮಾರು ಅಗಲದ ಹಸಿರು

ಕಾರಿಮಂಗಲಂನಲ್ಲಿ ಬಸ್ಸಿಳಿದು ಪಡುವಣಕ್ಕೆ ಎರಡು ಗಂಟೆ ನಡೆದರೆ ಸಿಗುವ ಒಂದು ಊರಿನ ಮಣ್ಣಿನ ಬಗ್ಗೆ ನಾನು ಒಮ್ಮೆ ತಪ್ಪು ಬರೆದಿದ್ದೆ. ಆ ತಪ್ಪು ಸರಕಾರಿ ಕಾಗದವಾಗುವ ಮೊದಲೇ ನನ್ನನ್ನು ತಡೆದು ನಿಲ್ಲಿಸಿದವರು ಕೆಲವರಿದ್ದರು. ಅವರನ್ನು ನೆನೆಯುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮಣ್ಣು ಸಮೀಕ್ಷೆಯಲ್ಲಿ ಫೀಲ್ಡ್ ಅಸಿಸ್ಟೆಂಟ್. ಧರ್ಮಪುರಿ ಜಿಲ್ಲೆಯ ಮಳೆಯಾಶ್ರಯದ ಊರುಗಳ ನೆಲವನ್ನು ಸರ್ವೆ ನಂಬರಿನ ಪ್ರಕಾರ ಪರೀಕ್ಷಿಸಿ, ದರ್ಜೆ ಗೊತ್ತುಮಾಡಿ, ನಕ್ಷೆಗೆ ಬಣ್ಣ ತುಂಬಿ ಸೇಲಂಗೆ ಕಳಿಸುವುದು ಕೆಲಸ. ಆ ಊರಿನಲ್ಲಿ ಕುರಿ ಸಾಕಿ ರಾಗಿ ಬೆಳೆಯುವ ಕನ್ನಡದ ಮನೆಗಳೇ ಹೆಚ್ಚು. ನಾನು ಡೆಂಕಣಿಕೋಟೆ ಕಡೆಯವನು, ಕನ್ನಡ ಓದಿ ಬೆಳೆದವನು. ಅದಕ್ಕೇ ನಮ್ಮ ಅಧಿಕಾರಿ ಆ ಊರನ್ನು ನನಗೆ ಕೊಟ್ಟರು.

ವಿಧಾನ ಎಲ್ಲ ಊರಿನಲ್ಲೂ ಒಂದೇ. ಗ್ರಾಮ ನಕ್ಷೆ ಹಿಡಿದು ಹೊಲ ಹೊಲ ಸುತ್ತಬೇಕು. ಆಗರ್ ಎಂಬ ತಿರುಪಿನ ಕಬ್ಬಿಣದಿಂದ ನೆಲ ಕೊರೆದು ಮಣ್ಣು ಎಷ್ಟು ಆಳ ಇದೆ ನೋಡಬೇಕು. ಮಣ್ಣು ಬದಲಾದ ಕಡೆ ಎದೆಯಾಳದ ಗುಂಡಿ ತೋಡಿಸಿ, ಒಳಗಿಳಿದು, ಗೋಡೆಯನ್ನು ಚಾಕುವಿನಿಂದ ಕೆರೆದು ಪದರ ಪದರವಾಗಿ ಬರೆದುಕೊಳ್ಳಬೇಕು. ಒದ್ದೆ ಮಣ್ಣನ್ನು ಬೆರಳುಗಳ ನಡುವೆ ತೀಡಿದರೆ ಪಟ್ಟಿಯಾಗಿ ಬರುತ್ತದೋ ಉದುರಿಹೋಗುತ್ತದೋ, ಆಸಿಡ್ ಹನಿ ಬಿಟ್ಟರೆ ನೊರೆಯೇಳುತ್ತದೋ ಇಲ್ಲವೋ, ಬಣ್ಣದ ಚೀಟಿಗಳ ಪುಸ್ತಕದಲ್ಲಿ ಯಾವ ಕೆಂಪಿಗೆ ಹೊಂದುತ್ತದೆ, ಎಲ್ಲವೂ ದಾಖಲಾಗಬೇಕು. ಕೊನೆಗೆ ಒಂದರಿಂದ ಎಂಟರೊಳಗೆ ಒಂದು ದರ್ಜೆ. ನಾಲ್ಕರವರೆಗೆ ಉಳುಮೆಯ ನೆಲ. ಆರು ಎಂದರೆ ಉಳುಮೆಗೆ ತಕ್ಕದ್ದಲ್ಲ, ಹುಲ್ಲಿಗೂ ಮರಗಳಿಗೂ ಮಾತ್ರ ಸರಿ. ನಕ್ಷೆಯಲ್ಲಿ ಅದಕ್ಕೆ ಕಿತ್ತಳೆ ಬಣ್ಣ. ಒಡ್ಡು ಹಾಕಿಸಿ ಒಳ್ಳೆಯ ಬೀಜ ಕೊಡುವ ಯೋಜನೆಗೆ ಊರುಗಳನ್ನು ಆರಿಸುತ್ತಿದ್ದದ್ದು ಈ ನಕ್ಷೆ ನೋಡಿಯೇ. ಕಿತ್ತಳೆ ತುಂಬಿದ ಊರನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು.

ಆ ಊರಿನ ಮೇಲಿನ ಹೊಲಗಳಲ್ಲೆಲ್ಲ ನನ್ನ ಆಗರ್ ಒಂದು ಗೇಣು ಇಳಿದು ನಿಂತುಬಿಡುತ್ತಿತ್ತು. ಮೂರು ಕಡೆ ಗುಂಡಿಗೆ ಗುರುತು ಹಾಕಿದೆ. ಗುಂಡಿ ತೋಡುತ್ತಿದ್ದವನು ಸೇಲಂ ಕಡೆಯ ಹಿರಿಯ, ನನಗಿಂತ ಹೆಚ್ಚು ಮಣ್ಣು ಕಂಡವನು. ಮೂರರಲ್ಲೂ ಗೇಣು ದಾಟುತ್ತಿದ್ದಂತೆ ಅವನ ಹಾರೆ ಠಣ್ ಎಂದು ಸದ್ದು ಮಾಡಿ ಹಿಂದಕ್ಕೆ ಚಿಮ್ಮಿತು. "ಇನ್ನೂ ಒಡೀಬೇಕಾ ಸಾರ್?" ಎಂದು ಕೇಳಿದ. ನಾನು ಕೆಳಗಿನ ಕೆಂಪು ಹೆಂಟೆಯನ್ನು ಉಗುರಿನಿಂದ ಕೆರೆದೆ. ಗೀರು ಬೀಳಲಿಲ್ಲ. ಆಸಿಡ್ ಬಿಟ್ಟೆ, ನೊರೆ ಬರಲಿಲ್ಲ, ಸುಣ್ಣವಲ್ಲ. "ಸಾಕು ಬಿಡಿ, ಕಲ್ಲು" ಎಂದೆ. ಪುಸ್ತಕದಲ್ಲಿಯೂ ಹಾಗೇ ಬರೆದೆ. ಗೇಣಿನ ಕೆಳಗೆ ಕಲ್ಲು ಎಂದ ಮೇಲೆ ದರ್ಜೆ ಆರು. ನಕ್ಷೆಯ ಮೇಲೆ ಪೆನ್ಸಿಲಿನಿಂದ ಸಣ್ಣ ಸಣ್ಣ ಆರುಗಳನ್ನು ಹಾಕುತ್ತ ಬಂದೆ. ಇನ್ನು ಹತ್ತು ಹೊಡೆತ ಹೊಡೆಸಿದ್ದರೆ ಸತ್ಯ ಅಲ್ಲೇ ಕಾಣುತ್ತಿತ್ತು.

ಮೂರನೆಯ ಗುಂಡಿ ಇದ್ದ ಹೊಲ ಒಬ್ಬ ಹೆಂಗಸಿನದು. ಐವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದ. ಪಕ್ಕದ ಮನೆಯ ಮೈದುನನ ಜೊತೆ ಸೇರಿ ಬೇಸಾಯ ಮಾಡುತ್ತ, ಕುರಿ ನೋಡಿಕೊಳ್ಳುತ್ತ ಇದ್ದವರು. ನಾನು ಗುಂಡಿಯ ಬಳಿಯಿಂದ ಏಳುವಾಗ ಅಂಚಿನಲ್ಲಿ ನಿಂತಿದ್ದರು.

"ನಮ್ಮೊಲ ಏನಂತ ಬರ್ಕೊಂಡ್ರಿ ಸಾರ್?"

"ಅಡಿಯಲ್ಲಿ ಕಲ್ಲಿದೆಯಮ್ಮಾ. ಮೇಲೆ ಒಂದು ಗೇಣು ಮಣ್ಣು ಅಷ್ಟೆ. ಉಳುಮೆಗೆ ಆಗೋದಿಲ್ಲ ಅಂತ ಬರೀಬೇಕಾಗ್ತದೆ."

"ಆಗಲ್ಲ ಅಂದ್ರೆ ಎಂಗೆ? ನಾವು ಉಳ್ತಾನೇ ಇದ್ದೀವಲ್ಲ."

"ಬೆಳೆ ಹೇಗಿದೆ ನೀವೇ ನೋಡಿ."

ಮಳೆ ನಿಂತು ಎರಡು ವಾರವಾಗಿತ್ತು. ರಾಗಿ ಎಲೆ ಸುತ್ತಿಕೊಂಡಿತ್ತು. ರಾಗಿಯ ನಡುವೆ ಬಿತ್ತಿದ ಅಕ್ಕಡಿ ಸಾಲಿನ ತೊಗರಿ ಹನ್ನೊಂದು ಗಂಟೆಗೇ ತಲೆ ಬಾಗಿಸಿತ್ತು. ಅವರು ಹೊಲದ ಮೇಲೆ ಒಮ್ಮೆ ಕಣ್ಣಾಡಿಸಿದರು.

"ಬಾಡೈತೆ, ಇಲ್ಲ ಅನ್ನಲ್ಲ. ಮಳೆ ಜಾಸ್ತಿ ಆದ್ರೆ ನೀರ್ ನಿಂತು ಅಳದಿ ಆಯ್ತದೆ, ಎಂಟ್ ದಿನ ಬರ್ದಿದ್ರೆ ಇಂಗಾಯ್ತದೆ. ಆದ್ರೆ ನೀವು ಎಲ್ಲಾ ಕಡೆ ನೋಡ್ಲಿಲ್ಲ. ಒಂದ್ ಕಿತ ಈ ಕಡೆ ಬನ್ನಿ."

ಹೊಲದ ನಡುವಿನ ಏರು ದಾಟಿದ ಮೇಲೆ ಅವರು ಕೈ ತೋರಿಸಿದರು. ಬಾಡಿದ ರಾಗಿಯ ಮಧ್ಯೆ ಒಂದು ಮಾರು ಅಗಲದ ಪಟ್ಟಿ, ಮೂಡಲಿಂದ ಪಡುವಣಕ್ಕೆ ನೇರವಾಗಿ, ಹಗ್ಗ ಹಿಡಿದು ಎಳೆದ ಹಾಗೆ. ಅದರಲ್ಲಿ ರಾಗಿ ಮೊಣಕಾಲು ದಾಟಿ ನಿಂತಿತ್ತು. ತೊಗರಿ ಎಲೆ ಬಿಚ್ಚಿಕೊಂಡಿತ್ತು. ಪಟ್ಟಿಯ ಅಂಚಿನಿಂದ ಎರಡು ಹೆಜ್ಜೆ ಆಚೆಗೆ ಇಟ್ಟರೆ ಮತ್ತೆ ಒಣಗಿದ ಬೆಳೆ.

"ಇಲ್ಲಿ ಏನು ಮಾಡಿದಿರಿ?"

"ನಾನೇನೂ ಮಾಡ್ಲಿಲ್ಲ. ವರ್ಸ ವರ್ಸ ಇಂಗೇ ಬರ್ತೈತೆ" ಎಂದು ಅವರು ಬೇರೆ ಕಡೆ ನೋಡಿದರು. ಅದನ್ನು ನಾನು ಆಗ ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಕುರಿ ಸಾಕುವ ಮನೆ. ಹಿಂದೆ ಎಂದೋ ಅಲ್ಲಿ ಕುರಿ ಕೂಡುತ್ತಿದ್ದಿರಬೇಕು, ಹಿಕ್ಕೆಯ ಗೊಬ್ಬರ ಬಿದ್ದಿರಬೇಕು ಎಂದುಕೊಂಡೆ. ಆಗರಿನಿಂದ ಆಳ ನೋಡಿಬಿಡೋಣ ಎಂದರೆ ಅವರು ಒಪ್ಪಲಿಲ್ಲ. "ಇದೊಂದ್ರಲ್ಲಿ ಮಾತ್ರ ಬ್ಯಾಡ ಸಾರ್. ಈ ವರ್ಸ ಮನೆಗೆ ರಾಗಿ ಬರೋದಿದ್ರೆ ಇಲ್ಲಿಂದ್ಲೇ" ಎಂದರು. ಸರಿ, ಪಟ್ಟಿಯ ಒಳಗಿಂದಲೂ ಹೊರಗಿಂದಲೂ ಮೇಲ್ಮಣ್ಣು ಮಾತ್ರ ತೆಗೆದು, ಬಟ್ಟೆಚೀಲಗಳಿಗೆ ತುಂಬಿ, ಚೀಟಿ ಕಟ್ಟಿ ಸೇಲಂನ ಪ್ರಯೋಗಾಲಯಕ್ಕೆ ಕಳಿಸಿದೆ. ಹತ್ತು ದಿನದ ಮೇಲೆ ಉತ್ತರ ಬಂತು. ಒಳಗಿನ ಮಣ್ಣೂ ಹೊರಗಿನ ಮಣ್ಣೂ ಒಂದೇ. ಸಾರದಲ್ಲಿ, ಹುಳಿಯಲ್ಲಿ, ಉಪ್ಪಿನಲ್ಲಿ, ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಗೊಬ್ಬರ ಎಂಬ ನನ್ನ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು.

ಅದೇ ವಾರ ನಮ್ಮ ಅಧಿಕಾರಿ ಜೀಪಿನಲ್ಲಿ ಬಂದರು. ತಮಿಳಿನವರು, ಮಾತು ಕಡಿಮೆ. ಪಟ್ಟಿಯ ಉದ್ದಕ್ಕೂ ನಡೆದು ನೋಡಿದರು. "ಚೆನ್ನಾಗಿದೆ. ಆದರೆ ಒಂದು ಪಟ್ಟಿಗಾಗಿ ಇಡೀ ಊರಿನ ದರ್ಜೆ ಬದಲಾಯಿಸೋಕೆ ಆಗೋದಿಲ್ಲಪ್ಪ. ಮೂರು ಗುಂಡಿಯಲ್ಲೂ ಕಲ್ಲು ಅಂತ ನೀನೇ ಬರೆದಿದ್ದೀಯ. ಶನಿವಾರ ನಕ್ಷೆ ಸೇಲಂನಲ್ಲಿರಲಿ" ಎಂದು ಹೇಳಿ ಹೋದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಬಣ್ಣದ ಡಬ್ಬಿ ತೆಗೆದಿಟ್ಟುಕೊಂಡೆ.

ನಾವು ಇಳಿದುಕೊಂಡಿದ್ದದ್ದು ಊರಿನ ಶಾಲೆಯ ಜಗಲಿಯಲ್ಲಿ. ಮಾರನೆಯ ಬೆಳಗ್ಗೆ ಏಳುವಾಗ ಜಗಲಿಯೆಲ್ಲ ನೀರು. ಗುಂಡಿ ತೋಡುವವನು ಮಣ್ಣಿನ ಕೊಡ ಅಲುಗಾಡದಿರಲಿ ಎಂದು ಗುಂಡಿಯಿಂದ ತಂದ ಎರಡು ಕೆಂಪು ಹೆಂಟೆಗಳನ್ನು ಅದರ ಅಡಿಗೆ ಒತ್ತು ಕೊಟ್ಟಿದ್ದ. ಕೊಡ ಜಿನುಗುತ್ತಿತ್ತು. ಬೆಳಗಾಗುವಷ್ಟರಲ್ಲಿ ಹೆಂಟೆ ಕುಸಿದು ಕೊಡ ಉರುಳಿತ್ತು. ಅವನು ಬೆರಳಲ್ಲಿ ಅದನ್ನು ಕಲಸಿ ನನ್ನ ಮುಂದೆ ಹಿಡಿದ.

"ಸಾರ್, ನೀಂಗ ಕಲ್ಲುನ್ನು ಎಳುದಿನದು ಸೇರಾ ಪೋಚ್ಚು."

ನೀವು ಕಲ್ಲು ಎಂದು ಬರೆದದ್ದು ಕೆಸರಾಗಿ ಹೋಯಿತು ಎಂದು ಅವನು ತಮಿಳಿನಲ್ಲಿ ಹೇಳಿದ್ದು. ಅವನ ದನಿಯಲ್ಲಿ ಕುಹಕವಿರಲಿಲ್ಲ. ಕೊಡದ ನೀರು ಹೋಯಿತಲ್ಲ ಎಂಬ ಬೇಸರವಿತ್ತು ಅಷ್ಟೆ.

ನಾನು ಮುಖ ತೊಳೆಯದೆ ಮೂರೂ ಗುಂಡಿಗಳಿಗೆ ಓಡಿದೆ. ಒಂದೊಂದರ ತಳದಿಂದ ಒಂದೊಂದು ಹೆಂಟೆ ತಂದು ಮೂರು ಲೋಟ ನೀರಿನಲ್ಲಿ ಬಿಟ್ಟು ಎದುರಿಗೆ ಕುಳಿತೆ. ಮೊದಲು ಗುಳ್ಳೆ ಬಂದವು. ಆಮೇಲೆ ಅಂಚುಗಳು ಸಡಿಲಗೊಂಡವು. ಮಧ್ಯಾಹ್ನದ ಹೊತ್ತಿಗೆ ಮೂರು ಲೋಟದಲ್ಲೂ ಬರೀ ಕೆಸರು. ಕಲ್ಲಾಗಿದ್ದರೆ ಹಾಗಾಗುತ್ತಿರಲಿಲ್ಲ. ಜೇಡಿಯೂ ಮರಳೂ ಒತ್ತಿಕೊಂಡು, ಒಣಗಿದಾಗ ಇಟ್ಟಿಗೆಯ ಹಾಗೆ ಬಿಗಿದುಕೊಳ್ಳುವ ಮಣ್ಣು ಅದು. ಅದರ ಕೆಳಗೆ ಏನಿದೆ ಎಂದು ನಾನು ನೋಡಿಯೇ ಇರಲಿಲ್ಲ. ನೋಡದೆ ಒಂದು ಊರಿನ ನೆಲಕ್ಕೆಲ್ಲ ಆರು ಹಾಕಿದ್ದೆ. ಶನಿವಾರ ನಕ್ಷೆ ಕಳಿಸುವುದಿಲ್ಲ ಎಂದು ತೀರ್ಮಾನಿಸಿ ಬಣ್ಣದ ಡಬ್ಬಿ ಮುಚ್ಚಿದೆ. ಆಗ ನನ್ನದು ಇನ್ನೂ ಖಾಯಂ ಆಗದ ಕೆಲಸ, ಒಳಗೆ ಹೆದರಿಕೆಯೂ ಇತ್ತು.

ಆ ಹೆಂಗಸಿನ ಮನೆಗೆ ಹೋದೆ. ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು.

"ಅಮ್ಮಾ, ನಾನು ಬರೆದದ್ದು ತಪ್ಪು ಅಂತ ಕಾಣ್ತದೆ. ಖಚಿತವಾಗಿ ಗೊತ್ತಾಗಬೇಕಾದರೆ ಆ ಹಸಿರು ಪಟ್ಟಿಯ ಅಂಚಿನಲ್ಲೇ ಒಂದು ಗುಂಡಿ ತೋಡಬೇಕು. ಅರ್ಧ ಒಳಗೆ, ಅರ್ಧ ಹೊರಗೆ."

ಅವರು ಕೈಯಲ್ಲಿದ್ದ ಸೊಪ್ಪು ಕಟ್ಟಿ ಮುಗಿಸಿದರು.

"ಎಷ್ಟ್ ಸಾಲ್ ಓಯ್ತದೆ?"

"ಐದಾರು."

"ತೋಡಿದ್ಮ್ಯಾಕೆ ಒಳ್ಳೇದ್ ಬರಿತೀರಾ?"

"ಅದು ಹೇಳೋಕಾಗಲ್ಲಮ್ಮಾ. ಇದ್ದದ್ದು ಬರೀತೀನಿ."

"ಸರಿ, ತೋಡು ತಂಬಿ" ಎಂದರು. ಸಾರ್ ಹೋಗಿ, ತಮ್ಮ ಎನ್ನುವ ತಂಬಿ ಬಂದದ್ದು ಆವಾಗಲೇ. ಮನೆಯ ರಾಗಿಯಲ್ಲಿ ಐದಾರು ಸಾಲು ಬಿಟ್ಟುಕೊಡುವುದು ಆ ವರ್ಷ ಎಂಥ ಮಾತು ಎಂದು ನನಗೆ ಗೊತ್ತಿತ್ತು. ಮುಂದೆ ಕೊಯ್ಲಿಗೆ ಬರಬೇಕಾಗಿದ್ದ ಪೈರನ್ನು ಅವರೇ ಬಗ್ಗಿ ಕಿತ್ತು ಕುರಿಗೆ ಹಾಕಿ ಜಾಗ ಬಿಡಿಸಿಕೊಟ್ಟರು.

ಗುಂಡಿಯ ಹೊರಗಿನ ಅರ್ಧದಲ್ಲಿ ಹಾರೆ ಠಣ್ ಎಂದಿತು. ಒಳಗಿನ ಅರ್ಧದಲ್ಲಿ ತಾನಾಗಿಯೇ ಇಳಿಯಿತು. ಈ ಸಲ ನಾನು ಸಾಕು ಎನ್ನಲಿಲ್ಲ. ಹಾರೆ ಹೊಡೆಯುತ್ತ ಹೋದ ಹಾಗೆ ಗಟ್ಟಿ ಪದರ ಒಂದು ಗೇಣಿಗೆಲ್ಲ ಮುಗಿದು, ಅದರ ಅಡಿಯಲ್ಲಿ ಮೆತ್ತಗಿನ ಕೆಂಪು ಮಣ್ಣು, ತಣ್ಣಗೆ, ಸೊಂಟದ ಆಳಕ್ಕೂ ಕೆಳಗೆ ಹಾಗೇ ಇತ್ತು. ಗೋಡೆಯಿಂದ ಎರಡು ತೊಗರಿ ಗಿಡಗಳ ಬೇರನ್ನು ಚಾಕುವಿನಿಂದ ಬಿಡಿಸಿದೆ. ಹೊರಗಿನ ಗಿಡದ ತಾಯಿಬೇರು ಗೇಣುದ್ದ ಇಳಿದು, ಗಟ್ಟಿ ಪದರಕ್ಕೆ ಮುಟ್ಟಿ, ಮೊಣಕೈಯ ಹಾಗೆ ಮಡಿಸಿಕೊಂಡು ಅಡ್ಡಕ್ಕೆ ಹೋಗಿತ್ತು. ಒಳಗಿನ ಗಿಡದ್ದು ನೇರವಾಗಿ ಸೊಂಟದ ಆಳಕ್ಕೆ ಇಳಿದಿತ್ತು.

ತಳ ತೆಗೆದ ಎರಡು ಡಬ್ಬಗಳನ್ನು ಪಟ್ಟಿಯ ಒಳಗೊಂದು ಹೊರಗೊಂದು ನೆಲಕ್ಕೆ ಬಡಿದು, ಸಮಸಮ ನೀರು ಸುರಿದು ಗಡಿಯಾರ ನೋಡಿದೆ. ಒಳಗಿನದು ನಾವು ಮಾತಾಡುತ್ತಿರುವಾಗಲೇ ಇಂಗಿತು. ಹೊರಗಿನದು ಊಟ ಮಾಡಿ ಬಂದಾಗಲೂ ನಿಂತಿತ್ತು.

ಪಟ್ಟಿಯ ಮಣ್ಣಿನಲ್ಲಿ ಹೆಂಟೆ, ಪುಡಿ, ಮಡಕೆ ಚೂರು ಎಲ್ಲ ಕಲಸಿಕೊಂಡಿದ್ದವು. ಯಾರೋ ಅಗೆದು ಮತ್ತೆ ತುಂಬಿದ ಮಣ್ಣು ಎನ್ನುವುದು ಸ್ಪಷ್ಟವಿತ್ತು. ಯಾರು ಎಂದು ಕೇಳಿದೆ. ಆ ಹೆಂಗಸು ಮೈದುನನ ಕಡೆ ತಿರುಗಿದರು. ಅಷ್ಟು ಹೊತ್ತಿಗೆ ಕುರಿ ಬಿಟ್ಟು ಬಂದಿದ್ದ ಮೈದುನ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಗೋಡೆಯನ್ನು ನೋಡುತ್ತಿದ್ದ.

"ನಾನೇ ತೋಡಿದ್ದು ಸಾರ್" ಎಂದ. "ನಾನೂ ನಮ್ಮಣ್ಣನೂ ಪಾಲ್ ಆದ್ವಿ ಒಂದ್ ಕಿತ. ಕಲ್ ನೆಟ್ರೆ ಸಾಲ್ದು, ಅವ್ನ್ ಎತ್ತು ನನ್ನ್ ಕಡೆ ಬರ್ಬಾರ್ದು ಅಂತ ನಡುವೆ ಕಂದ್ಕ ತೋಡ್ದೆ. ಬ್ಯಾಸ್ಗೇಲಿ, ಒಬ್ನೇ, ಎಲ್ಡ್ ತಿಂಗ್ಳು. ಸೊಂಟದ್ ಮಟ್ಟ."

"ಮತ್ತೆ ಮುಚ್ಚಿದ್ದು?"

"ನಮ್ಮಣ್ಣಂಗೆ ಉಸಾರ್ ತಪ್ತು. ಅತ್ತಿಗೆ ಬಂದು ಕರೆದ್ರು. ನಾನ್ ಓದೆ. ಒಂದಾದ್ವಿ. ಎದ್ದು ಓಡಾಡಂಗೆ ಆದ್ಮ್ಯಾಕೆ ಅವ್ನೇ ಗುದ್ಲಿ ತಕ್ಕೊಂಡು ಬಂದ. ಇಬ್ರೂ ಸೇರಿ ಮುಚ್ಚುದ್ವಿ."

ಹೆಂಗಸು ಆಗ ಬಾಯಿಬಿಟ್ಟರು. "ಅದ್ಕೇ ನಾನ್ ಏಳ್ಲಿಲ್ಲ ತಂಬಿ. ಮನೆ ಜಗ್ಳ ಆಫೀಸ್ನೋರ್ ತಾವ ಎಂಗ್ ಏಳಾದು."

ಶನಿವಾರ ನಾನು ನಕ್ಷೆಯ ಬದಲು ಎರಡು ತೊಗರಿ ಬೇರು, ಮೂರು ಹೆಂಟೆ ತೆಗೆದುಕೊಂಡು ಸೇಲಂ ಬಸ್ಸು ಹತ್ತಿದೆ. ಅಧಿಕಾರಿಯ ಮೇಜಿನ ಮೇಲೆ ಇಟ್ಟು, ನಾನು ಕಲ್ಲು ಎಂದು ಬರೆದದ್ದು ತಪ್ಪು ಎಂದು ಮೊದಲೇ ಹೇಳಿದೆ. ಅವರು ಬೈಯಲಿಲ್ಲ. ಕುಡಿಯುವ ನೀರಿನ ಲೋಟದಲ್ಲಿ ಹೆಂಟೆಯನ್ನು ತಾವೇ ಬಿಟ್ಟು ಬೇರೆ ಕಡತ ನೋಡುತ್ತ ಕುಳಿತರು. ಅದು ಕುಸಿದ ಮೇಲೆ ತಲೆ ಎತ್ತಿದರು.

"ಕಲ್ಲಲ್ಲ, ಒಪ್ಪಿದೆ. ಆದರೆ ಒಡೆಯೋದು ಹೇಗಪ್ಪ? ಊರಿಗೆಲ್ಲ ಕಂದಕ ತೋಡಿಸ್ತೀಯಾ?"

ಅವರು ನನ್ನ ಟಿಪ್ಪಣಿಯ ಹಾಳೆಯ ಮೇಲೆ 'ಮರುಪರಿಶೀಲನೆಗೆ' ಎಂದು ಬರೆದು ಸಹಿ ಹಾಕಿದರು. "ಒಂದು ಬೆಳೆ ಕಾಲ ತಗೋ. ಮೇಲಿನವರು ಕೇಳಿದರೆ ನಾನು ನೋಡ್ಕೊಳ್ತೀನಿ." ಅವರ ಜಾಗದಲ್ಲಿ ಬೇರೆಯವರಿದ್ದಿದ್ದರೆ ಆ ಸಹಿ ಬೀಳುತ್ತಿತ್ತೋ ಇಲ್ಲವೋ. ನನ್ನ ತಪ್ಪಿನ ಭಾರದಲ್ಲಿ ಅರ್ಧವನ್ನು ಅವರು ಅಂದು ತಮ್ಮ ಮೇಲೆ ತೆಗೆದುಕೊಂಡರು.

ನಾಡ ನೇಗಿಲು ಅರ್ಧ ಗೇಣು ಇಳಿದರೆ ಹೆಚ್ಚು. ಪ್ರತಿ ವರ್ಷ ಅದೇ ಆಳಕ್ಕೆ ಉತ್ತು ಉತ್ತು ಕೆಳಗಿನದು ಇನ್ನಷ್ಟು ಒತ್ತಿಕೊಂಡಿತ್ತು. ಪಕ್ಕದ ಊರಿನ ಕಮ್ಮಾರನ ಬಳಿಗೆ ಹೋಗಿ ವಿಷಯ ಹೇಳಿದೆ. ಅವನು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಾ ಒಂದನ್ನು ಕಾಯಿಸಿ ಬಡಿದು ಎರಡು ಬೆರಳು ಅಗಲದ, ಮೊಳದುದ್ದದ ನೇಗಿಲ ಗುಳ ಮಾಡಿಕೊಟ್ಟ. ಮಗುಚುವುದಕ್ಕಲ್ಲ, ಸೀಳುವುದಕ್ಕೆ ಮಾತ್ರ. ಹಿಂಗಾರು ಮಳೆ ಬಿದ್ದು ನೆಲ ಮೆತ್ತಗಾದಾಗ, ಪೈರಿಲ್ಲದ ಒಂದು ಮೂಲೆಯಲ್ಲಿ ಹೂಡಿದೆವು. ಗುಳ ಸುಲಭವಾಗಿ ಇಳಿಯಿತು, ಎತ್ತುಗಳು ಸುಲಭವಾಗಿ ಎಳೆದವು. ನಾನು ಸಂತೋಷಪಟ್ಟೆ. ಎಂಟು ದಿನದ ಮೇಲೆ ಅಗೆದು ನೋಡಿದರೆ ಸೀಳಿದ ಗುರುತೇ ಇಲ್ಲ. ಎರಡು ಬದಿಯೂ ಗಾರೆ ತೀಡಿದ ಹಾಗೆ ನುಣ್ಣಗಾಗಿ ಮತ್ತೆ ಅಂಟಿಕೊಂಡಿತ್ತು.

ಕಮ್ಮಾರ ಬಂದು ಗುಂಡಿಯಲ್ಲಿ ಕೈ ಆಡಿಸಿ ನೋಡಿದ. "ಒದ್ದೇಲಿ ಕೊಯ್ದ್ರೆ ಮುದ್ದೆ ಕೊಯ್ದಂಗೆ ಸಾರ್, ಗುಳದ್ ಇಂದಿಂದೇ ಸೇರ್ಕೊಳ್ತದೆ. ಇದು ಒಣಗಿರೋವಾಗ ಒಡೀಬೇಕು. ಗಾಜ್ ಒಡೆದಂಗೆ ಬಿರೀಬೇಕು" ಎಂದ. ಓದಿದವನಿಗೆ ತಿಳಿಯಬೇಕಾಗಿದ್ದ ಮಾತು. ಕಬ್ಬಿಣ ಬಡಿಯುವವನಿಗೆ ಕಂಡಿತ್ತು.

ರಾಗಿ ಕೊಯ್ಲಾಗಿ ನೆಲ ಒಣಗುವವರೆಗೆ ಕಾದೆವು. ಒಂದು ಜೊತೆ ಎತ್ತಿನಿಂದ ಗುಳ ಅಲುಗಲೂ ಇಲ್ಲ. ಅತ್ತಿಗೆಯದೊಂದು ಜೊತೆ ಎತ್ತು, ಮೈದುನನದೊಂದು ಜೊತೆ, ಎರಡನ್ನೂ ಮುಂದೊಂದು ಹಿಂದೊಂದು ಕಟ್ಟಿದರು. ಮೊದಲ ದಿನವೇ ನೇಗಿಲಿನ ಉದ್ದ ಮರವಾದ ಈಸು ಮುರಿಯಿತು. ಕಮ್ಮಾರ ಜಾಲಿಮರದ ಈಸು ಹೊಂದಿಸಿ, ಗುಳದ ಮೂತಿಯನ್ನು ಇನ್ನಷ್ಟು ಬಗ್ಗಿಸಿ ತಂದ. ಮೈದುನ ನೇಗಿಲ ಹಿಡಿಯಾದ ಮೇಣಿಯ ಮೇಲೆ ಮೈಭಾರವನ್ನೆಲ್ಲ ಬಿಟ್ಟ. ಗುಂಡಿ ತೋಡುವವನು ಮುಂದಿನ ಎತ್ತುಗಳನ್ನು ಹಿಡಿದ. ಹತ್ತು ಹೆಜ್ಜೆ ಹೋಗಿ ನಿಂತು, ಮತ್ತೆ ಹತ್ತು ಹೆಜ್ಜೆ. ನಡುವೆ ಒಮ್ಮೆ ನೆಲದೊಳಗಿನಿಂದ ಒಂದು ಸದ್ದು ಬಂತು, ಒಣ ಹಂಚು ಬಿರಿದ ಹಾಗೆ. ಗೀರಿನ ಎರಡೂ ಕಡೆ ನೆಲ ಸೀಳು ಬಿಟ್ಟು ಸ್ವಲ್ಪ ಮೇಲೆದ್ದಿತು. ಹೆಂಗಸು ಬಗ್ಗಿ ಆ ಸೀಳಿನೊಳಗೆ ಕೈ ಇಳಿಸಿದರು. ಮೊಣಕೈವರೆಗೆ ಹೋಯಿತು.

"ಓಯ್ತೈತೆ ತಂಬಿ" ಎಂದರು, ಕೈ ತೆಗೆಯದೆ.

ಹೊಲವನ್ನೆಲ್ಲ ಒಡೆಯಲಿಲ್ಲ. ಎತ್ತುಗಳಿಗೆ ಅದು ಆಗದ ಕೆಲಸ. ಎರಡು ಮೊಳಕ್ಕೊಂದು ಗೀರು ಎಳೆದು, ಮುಂದಿನ ಮುಂಗಾರಿನಲ್ಲಿ ಒಂದು ಬಿಟ್ಟು ಒಂದು ಗೀರಿನ ಮೇಲೆ ತೊಗರಿ, ಉಳಿದೆಡೆಗೆ ರಾಗಿ ಬಿತ್ತಿದರು. ಅತ್ತ ಮೂಲೆಯಲ್ಲಿ ಗೀರಿಲ್ಲದ ಜಾಗ ಹೋಲಿಕೆಗೆ ಉಳಿಸಿದೆವು. ಆ ವರ್ಷವೂ ನಡುವೆ ಮಳೆ ಕೈಕೊಟ್ಟಿತು. ನಾನು ಬೇರೆ ತಾಲೂಕಿನ ಕೆಲಸದಲ್ಲಿದ್ದೆ. ಮಳೆ ನಿಂತ ಮೂರನೆಯ ವಾರ, ಏನು ಕಾಣಬೇಕಾಗುತ್ತದೋ ಎಂದುಕೊಳ್ಳುತ್ತ ಕಾರಿಮಂಗಲಂನಲ್ಲಿ ಬಸ್ಸಿಳಿದು ನಡೆದೆ. ಮೂಲೆಯ ರಾಗಿ ಸುತ್ತಿಕೊಂಡಿತ್ತು. ಗೀರು ಎಳೆದ ಕಡೆ ಬೆಳೆ ನಿಂತಿತ್ತು. ಹಳೆಯ ಪಟ್ಟಿಯಷ್ಟು ದಟ್ಟವಾಗಿ ಅಲ್ಲ, ಕೆಲವು ಕಡೆ ಗುಳ ಸರಿಯಾಗಿ ಇಳಿಯದ ಸಾಲು ಬಾಡಿಯೂ ಇತ್ತು. ಆದರೆ ಕೊಯ್ಯುವಂಥ ಬೆಳೆ.

ಅಧಿಕಾರಿ ಮತ್ತೊಮ್ಮೆ ಬಂದು, ಶರಟಿನ ತೋಳು ಮಡಿಸಿ, ನಾಲ್ಕು ಕಡೆ ತಾವೇ ಅಗೆದು ಬೇರು ನೋಡಿದರು. ದರ್ಜೆ ನಾಲ್ಕಾಯಿತು, ಗಟ್ಟಿ ಪದರವನ್ನು ಒಣಗಿದಾಗ ಸೀಳಬೇಕು ಎಂಬ ಷರತ್ತಿನೊಂದಿಗೆ. ಊರು ಯೋಜನೆಯೊಳಗೆ ಸೇರಿತು. ಕಮ್ಮಾರನಿಗೆ ಅಂಥ ಗುಳಗಳನ್ನು ಮಾಡುವ ಕೆಲಸ ಬಂತು. ನನ್ನ ಕೆಲಸವೂ ಉಳಿಯಿತು. ಆಮೇಲೆ ಎಷ್ಟೋ ಊರುಗಳಲ್ಲಿ ಗುಂಡಿ ತೋಡಿಸಿದೆ. ಹಾರೆ ಸದ್ದು ಮಾಡಿದ ಕಡೆ ಇನ್ನೂ ಹೊಡೆಯಿರಿ ಎನ್ನುವುದನ್ನೂ, ಹೊಲದವರನ್ನು ಎರಡನೆಯ ಸಲ ಕೇಳುವುದನ್ನೂ ಬಿಡಲಿಲ್ಲ.

ವರದಿ ಕಳಿಸುವ ಮುನ್ನ ಅದನ್ನು ಓದಿ ಹೇಳಲು ಆ ಮನೆಗೆ ಹೋದೆ. ಅತ್ತಿಗೆ ಮೈದುನ ಇಬ್ಬರೂ ಕಣದಲ್ಲಿ ತೊಗರಿ ಬಡಿಯುತ್ತಿದ್ದರು. ಕೋಲು ಕೆಳಗಿಟ್ಟು ಬಂದು ಕುಳಿತರು. ಇಂಗ್ಲಿಷಿನಲ್ಲಿದ್ದದ್ದನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಮಣ್ಣಿನ ಬಣ್ಣ, ಪದರ, ಆಳ, ನೀರು ಇಂಗುವ ರೀತಿ. ಅವರು ತಾಳ್ಮೆಯಿಂದ ಕೇಳಿದರು. ಮುಗಿದ ಮೇಲೆ ಆ ತಾಯಿ ತಗ್ಗಿದ ದನಿಯಲ್ಲಿ ಕೇಳಿದರು.

"ಅಣ್ಣತಮ್ಮಂದ್ರ್ ಜಗ್ಳ ಬರ್ದಿದ್ದೀಯಾ ತಂಬಿ ಅದ್ರಲ್ಲಿ?"

"ಇಲ್ಲಮ್ಮಾ. 'ಈ ಹೊಲದಲ್ಲಿ ಹಿಂದೆ ಒಂದು ಕಂದಕ ತೋಡಿ, ಆಮೇಲೆ ಮುಚ್ಚಲಾಗಿತ್ತು' ಅಂತ. ಅಷ್ಟೆ."

"ಮುಚ್ಚಿದ್ದೂ ಬರ್ದೈತಾ?"

"ಬರೆದಿದ್ದೀನಿ."

ಅವರು ಮೈದುನನ ಕಡೆ ನೋಡಿದರು. ಅವನು ತಲೆಯಾಡಿಸಿದ.

"ಅಷ್ಟ್ ಬರ್ದಿದ್ರೆ ಸಾಕು" ಎಂದು ಎದ್ದು, ಮೊರದ ತುಂಬ ತೊಗರಿ ತಂದು ನನ್ನ ಚೀಲಕ್ಕೆ ಸುರಿದರು.